ಹತ್ತು ತಾಲ್ಲೂಕಿಗೆ ಹತ್ತು ಪುಟ ಯಾಕ್ರೀ ಬೇಕು?

ನಮಸ್ಕಾರ ಸ್ನೇಹಿತರೇ, ತುಮಕೂರಿನಿಂದ ಮಾತಾಡುತ್ತಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸಾರ್, ಗೂಗಲ್‌ಗೆ ನಮ್ಮಂಥ ಸಣ್ಣ ಊರಿನವರು ಬೇಕಾಗಿಲ್ಲ. ನೂರಾರು ಪುಟ ಮಾಡಿಸಿದ್ದೇನೆ, ಹುಡುಕಿದರೆ ಒಂದೂ ಸಿಗುವುದಿಲ್ಲ." ಓದಿ ಬೇಜಾರಾಯಿತು. ಹೋಗಿ ಅವರ ಸೈಟ್ ನೋಡಿದೆ, ಸಿಟ್ಟು ಬಂತು. ಅವರ ಮೇಲಲ್ಲ, ಅದನ್ನು ಮಾಡಿಕೊಟ್ಟು ದುಡ್ಡು ತೆಗೆದುಕೊಂಡವರ ಮೇಲೆ.

ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. "ಗುಬ್ಬಿಯಲ್ಲಿ ಮೋಟಾರ್ ರಿಪೇರಿ" ಅಂತ ಒಂದು ಪುಟ. "ಕುಣಿಗಲ್‌ನಲ್ಲಿ ಮೋಟಾರ್ ರಿಪೇರಿ" ಅಂತ ಇನ್ನೊಂದು. ಶಿರಾ, ತಿಪಟೂರು, ತುರುವೇಕೆರೆ, ಮಧುಗಿರಿ, ಹೀಗೆ ಜಿಲ್ಲೆಯ 10 ತಾಲ್ಲೂಕೂ ಮುಗಿದವು. ಆಮೇಲೆ ಹೋಬಳಿಗಳು ಶುರು. ಒಳಗೆ ನೋಡಿದರೆ ಅದೇ ಫೋಟೋ, ಅದೇ ನಾಲ್ಕು ಸಾಲು. ಊರಿನ ಹೆಸರು ಮಾತ್ರ ಬೇರೆ.

ಒಂದು ವಿಷಯಕ್ಕೆ ಒಂದು ಪುಟ. ಇಷ್ಟೇ ನಾನು ಹೇಳುವುದು.

ಗೂಗಲ್ ಏನು ಮಾಡುತ್ತದೆ ಗೊತ್ತಾ? ಅದರ ಕ್ರಾಲರ್, ಅಂದರೆ ಸೈಟ್‌ಗಳನ್ನು ಸುತ್ತುವ ಪ್ರೋಗ್ರಾಂ, ಬಂದು ಪುಟಗಳನ್ನು ಓದುತ್ತದೆ. ಒಂದೇ ಥರ ಇರುವುದನ್ನೆಲ್ಲ ಒಂದು ಗುಂಪು ಮಾಡುತ್ತದೆ. ಆ ಗುಂಪಿನಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಅದಕ್ಕೆ ಕೆನಾನಿಕಲ್ ಅನ್ನುತ್ತಾರೆ. ಸಾಮಾನ್ಯವಾಗಿ ತೋರಿಸುವುದು ಅದನ್ನೇ, ಉಳಿದವು ಪಕ್ಕಕ್ಕೆ. ಇದು ಶಿಕ್ಷೆ ಅಲ್ಲ. ಒಂದೇ ಉತ್ತರವನ್ನು ಹತ್ತು ಸಲ ಯಾಕೆ ತೋರಿಸಬೇಕು ಅಂತ ಅಷ್ಟೇ. ಆದರೆ ಊರಿನ ಹೆಸರು ಹಿಡಿದು ಜನರನ್ನು ಎಳೆಯುವುದಕ್ಕೇ ಇಂಥ ಪುಟಗಳನ್ನು ಮಾಡಿದ್ದರೆ, ಆ ಮಾತೇ ಬೇರೆ. ಅದಕ್ಕೆ ಡೋರ್‌ವೇ ಅನ್ನುತ್ತಾರೆ. ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲೇ ಅದು ತಪ್ಪು ಅಂತ ಇದೆ.

ಇನ್ನೊಂದು ನೋಡಿ. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಅಧಿಕೃತವಾಗಿ ತುಮಕೂರು ಆಯಿತು. ಇಂಗ್ಲಿಷಿನಲ್ಲಿ ಹಳೆಯ ಸ್ಪೆಲಿಂಗ್ ಒಂದು, ಹೊಸದು ಒಂದು. ಈ ಸೈಟಿನಲ್ಲಿ ಎರಡಕ್ಕೂ ಬೇರೆ ಬೇರೆ ಪುಟ! ಅದೇ ಅಂಗಡಿ, ಅದೇ ಫೋನ್ ನಂಬರ್. ಒಂದೇ ಪುಟದಲ್ಲಿ ಎರಡೂ ಸ್ಪೆಲಿಂಗ್ ಬರೆದರೆ ಮುಗಿಯಿತಲ್ವಾ? ಒಂದು ವಿಷಯಕ್ಕೆ ಒಂದು ಪುಟ ಸಾಕು ಕಣ್ರೀ!

ಅಂದ ಹಾಗೆ, ಚಾನೆಲ್‌ಗೆ ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ಕನ್ನಡದಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವವರು ಕಮ್ಮಿ. ನಮ್ಮ ಅಂಗಡಿಯವರಿಗೆ ಇದು ತಿಳಿಯಲೇಬೇಕು ಅಂತ ನಾನು ಕೂತಿದ್ದೇನೆ.

ಈಗ ವಾದ ಮಾಡುವವರು ಬರುತ್ತಾರೆ. "ಸೈಟ್‌ಮ್ಯಾಪ್ ಹಾಕಿದ್ದೇವೆ ಸಾರ್." ಹಾಕಿ. ಅದು ನಿಮ್ಮ ಪುಟಗಳ ವಿಳಾಸ ಬರೆದು ಗೂಗಲ್‌ಗೆ ಕೊಡುವ ಪಟ್ಟಿ. ಒಂದು ಸೈಟ್‌ಮ್ಯಾಪ್ ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತವೆ. ಕೊಟ್ಟಿದ್ದನ್ನೆಲ್ಲ ಇಂಡೆಕ್ಸ್ ಮಾಡುತ್ತೇವೆ, ಅಂದರೆ ಹುಡುಕಾಟದ ಪಟ್ಟಿಗೆ ಸೇರಿಸುತ್ತೇವೆ ಅಂತ ಯಾರೂ ಮಾತು ಕೊಟ್ಟಿಲ್ಲ.

"ಕ್ರಾಲ್ ಬಜೆಟ್ ಸಮಸ್ಯೆ ಇರಬೇಕು." ಅಯ್ಯೋ! ಒಂದು ಸೈಟಿನಲ್ಲಿ ಗೂಗಲ್ ಎಷ್ಟು ಪುಟ ಓದುತ್ತದೆ ಅನ್ನುವ ಮಿತಿ ಅದು. 10 ಲಕ್ಷಕ್ಕಿಂತ ಜಾಸ್ತಿ ಪುಟ ಇರುವವರು, ಇಲ್ಲವೇ 10,000 ದಾಟಿದ ಪುಟಗಳು ದಿನಾ ಬದಲಾಗುವವರು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿ ಅಂತ ಗೂಗಲ್ಲೇ ಬರೆದಿದೆ. ಮೋಟಾರ್ ರಿಪೇರಿ ಅಂಗಡಿಗೆ ಯಾವ ಬಜೆಟ್ ರೀ? ಈ ದೊಡ್ಡ ಪದ ಹೇಳಿ ಹೆದರಿಸಿ ದುಡ್ಡು ಕೇಳುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

"ಕೆನಾನಿಕಲ್ ಟ್ಯಾಗ್ ಹಾಕಿಬಿಡೋಣ." ಒಂದೇ ಥರದ ಪುಟಗಳಲ್ಲಿ ಮುಖ್ಯವಾದದ್ದು ಇದು ಅಂತ ಗೂಗಲ್‌ಗೆ ಹೇಳುವ ಗುರುತು ಅದು. ಒಳ್ಳೆಯ ಉಪಾಯ, ಒಪ್ಪುತ್ತೇನೆ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ 2009ರಲ್ಲಿ ತಂದಿದ್ದು. ಪಂಪಿನ ಪಟ್ಟಿಯನ್ನು ಬೆಲೆ ಪ್ರಕಾರ ಜೋಡಿಸಿದರೆ ಒಂದು ವಿಳಾಸ, ಕಂಪನಿ ಪ್ರಕಾರ ಜೋಡಿಸಿದರೆ ಇನ್ನೊಂದು, ವಾಟ್ಸಾಪ್ ಲಿಂಕಿನಿಂದ ಬಂದರೆ ಬಾಲ ಹಚ್ಚಿಕೊಂಡ ಮತ್ತೊಂದು. ಅಲ್ಲಿ ಈ ಟ್ಯಾಗ್ ಬೇಕೇ ಬೇಕು. ಆದರೆ ಅದು ಸುಳಿವು ಮಾತ್ರ, ಅಪ್ಪಣೆ ಅಲ್ಲ. ಗೂಗಲ್ ಬೇರೆ ಪುಟವನ್ನೂ ಆರಿಸಬಹುದು. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆಗೆದು ನೋಡಿ, ಯಾವ ಪುಟ ಯಾಕೆ ಹೊರಗೆ ಉಳಿಯಿತು ಅಂತ ಅಲ್ಲೇ ಬರೆದಿರುತ್ತದೆ.

"ರೋಬೋಟ್ಸ್ ಫೈಲಿನಲ್ಲಿ ಬ್ಲಾಕ್ ಮಾಡಿದರೆ?" ಬೇಡ! ಯಾವ ಪುಟ ಓದಬಾರದು ಅಂತ ಕ್ರಾಲರ್‌ಗೆ ಹೇಳುವ ಫೈಲ್ ಅದು. ಬ್ಲಾಕ್ ಮಾಡಿದರೆ ಗೂಗಲ್ ಆ ಪುಟವನ್ನು ಓದುವುದೇ ಇಲ್ಲ. ಓದದಿದ್ದರೆ ಒಳಗೆ ನೀವು ಹಾಕಿದ, ಹುಡುಕಾಟದಲ್ಲಿ ತೋರಿಸಬೇಡ ಅನ್ನುವ ನೋಇಂಡೆಕ್ಸ್ ಆಗಲಿ, ಕೆನಾನಿಕಲ್ ಆಗಲಿ ಅದಕ್ಕೆ ಕಾಣುವುದಿಲ್ಲ. ಬೇರೆ ಕಡೆಯಿಂದ ಲಿಂಕ್ ಇದ್ದರೆ ಬರೀ ವಿಳಾಸ ಮಾತ್ರ ಹುಡುಕಾಟದಲ್ಲಿ ಬಂದು ಕೂರಲೂಬಹುದು.

ಹಾಗಾದರೆ ಪಾವಗಡಕ್ಕೆ ಪುಟವೇ ಬೇಡವಾ? ಬೇಕು, ಹೇಳುವುದಕ್ಕೆ ಏನಾದರೂ ಇದ್ದರೆ! ಪಾವಗಡದ ಕಡೆ ನೀರು ಆಳದಲ್ಲಿದೆ. ಅಲ್ಲಿ ಎಷ್ಟು ಎಚ್‌ಪಿ ಮೋಟಾರ್ ಇಳಿಸುತ್ತೀರಿ, ಕೇಬಲ್ ಯಾವುದು, ಮೋಟಾರ್ ಎತ್ತುವುದಕ್ಕೆ ಏನು ಖರ್ಚು, ಅದನ್ನು ಬರೆಯಿರಿ. ತಿಪಟೂರಿನ ತೆಂಗಿನ ತೋಟದವರು ಕೇಳುವ ಪ್ರಶ್ನೆ ಬೇರೆ, ಅದನ್ನು ಬರೆಯಿರಿ. ಅಲ್ಲಿ ನೀವೇ ಮಾಡಿದ ಕೆಲಸದ ಫೋಟೋ ಹಾಕಿ. ಟೈಟಲ್ ಕೂಡ ಆ ಪುಟದ್ದೇ ಆಗಿರಲಿ. ಒಂದೇ ಟೈಟಲ್ ಎಲ್ಲದಕ್ಕೂ ಅಂಟಿಸಿದರೆ ಗೂಗಲ್ ತನಗೆ ತೋಚಿದ ಹೆಡಿಂಗ್ ಎತ್ತಿ ತೋರಿಸಬಹುದು. ಆಗ ಬೈದು ಪ್ರಯೋಜನ ಇಲ್ಲ.

ಊರಿನ ಹೆಸರು ಬದಲಿಸಿದರೆ ವಿಷಯ ಬದಲಾಗುವುದಿಲ್ಲ. ನೂರು ಸಲ ಕೇಳಿ, ನೂರು ಸಲ ಇದನ್ನೇ ಹೇಳುತ್ತೇನೆ. ಒಂದು ವಿಷಯ, ಒಂದು ಪುಟ! ಇಲ್ಲ, ನಮ್ಮ ಹುಡುಗ ಹೇಳಿದ, ಜಾಸ್ತಿ ಪುಟ ಇದ್ದರೆ ಜಾಸ್ತಿ ಗಿರಾಕಿ ಬರುತ್ತಾರೆ ಅಂತೀರಾ? ಬಂದರಾ? ಒಬ್ಬರಾದರೂ ಬಂದರಾ ಹೇಳಿ! ಅಳಿಸಿ ಅವನ್ನೆಲ್ಲ. ಸುಮ್ನೆ ಅಳಿಸಬೇಡಿ, ಹಳೆಯ ವಿಳಾಸಗಳಿಗೆ 301 ರೀಡೈರೆಕ್ಟ್ ಕೊಟ್ಟು ಒಳ್ಳೆಯ ಪುಟಕ್ಕೆ ತಿರುಗಿಸಿ.

ಆ ಕಾಮೆಂಟ್ ಹಾಕಿದ ಅಣ್ಣಾ, ಭಾನುವಾರ ಸಂಜೆ ಲೈವ್‌ಗೆ ಬನ್ನಿ. ನಿಮ್ಮ ಸೈಟ್ ತೆರೆದಿಟ್ಟುಕೊಂಡು ಯಾವ ಪುಟ ಉಳಿಸಬೇಕು, ಯಾವುದು ಬೇಡ ಅಂತ ಇಬ್ಬರೂ ಕೂತು ನೋಡೋಣ, ಒಂದು ರೂಪಾಯಿಯೂ ಬೇಡ. ಬೇರೆಯವರೂ ನಿಮ್ಮ ಲಿಂಕ್ ಕೆಳಗೆ ಹಾಕಿ.