ಮರ ಕೊಯ್ಯುವ ಅಲಗಿಗೆ ಗಟ್ಟಿ ಲೇಪನ

ಕೇಳುಗರಿಗೆ ನಮಸ್ಕಾರ.

ಚಿನ್ನದ ಬಣ್ಣದ ಡ್ರಿಲ್ ಬಿಟ್ಟುಗಳನ್ನು ನೀವು ನೋಡಿರುತ್ತೀರಿ. ಅದು ಬಳಿದ ಬಣ್ಣವಲ್ಲ, ಟೈಟಾನಿಯಂ ನೈಟ್ರೈಡ್ ಎಂಬ ಬಲು ಗಟ್ಟಿ ವಸ್ತುವಿನ ಲೇಪನ. ಅದರ ದಪ್ಪ 2–3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಅಷ್ಟೆ. ಲೋಹ ಕತ್ತರಿಸುವ ಉಪಕರಣಗಳ ಬಾಳಿಕೆಯನ್ನು ಈ ತೆಳು ಪದರ ಹಲವು ಪಟ್ಟು ಹೆಚ್ಚಿಸಿದೆ. ಅದನ್ನೇ ಮರ ಕೊಯ್ಯುವ ಬ್ಲೇಡಿಗೆ ಹಾಕಿದರೆ ಅಷ್ಟೇ ಫಲ ಸಿಕ್ಕೀತೆ? ಬಹಳ ಸಲ ಸಿಗುವುದಿಲ್ಲ. ಯಾಕೆಂದರೆ ಅಲಗನ್ನು ಮರ ಸವೆಸುವ ರೀತಿಯೇ ಬೇರೆ.

ಮರ ಮೆತ್ತಗಿನದು, ಉಕ್ಕಿನ ಮುಂದೆ ಅದರದೇನು ಮಹಾ ಅನ್ನಿಸುತ್ತದೆ. ಆದರೆ ತೇಗದಂಥ ಮರದೊಳಗೇ ಸಿಲಿಕಾ ಇರುತ್ತದೆ. ಮರಳಿನಲ್ಲಿರುವುದೂ ಅದೇ. ಮರದ ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ, ಅಂದರೆ ಪಾರ್ಟಿಕಲ್ ಬೋರ್ಡಿನಲ್ಲಿ ಕಲ್ಲಿನಂತೆ ಬಿಗಿದ ಅಂಟು, ಮರದ ಚೂರಿನ ಜೊತೆ ಸೇರಿಬಂದ ಮಣ್ಣಿನ ಕಣ. ಹಸಿಮರದಲ್ಲಂತೂ ಟ್ಯಾನಿನ್, ಅಸಿಟಿಕ್ ಆಮ್ಲ. ಗರಗಸದ ಕಾರ್ಬೈಡ್ ಹಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ: ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಸಣ್ಣ ಹರಳುಗಳು, ನಡುವೆ ಅವನ್ನು ಹಿಡಿದಿಟ್ಟ ಕೋಬಾಲ್ಟ್. ಆಮ್ಲ ಮೊದಲು ಕೋಬಾಲ್ಟನ್ನು ತಿನ್ನುತ್ತದೆ. ಹಿಡಿತ ತಪ್ಪಿದ ಹರಳುಗಳು ಒಂದೊಂದಾಗಿ ಉದುರಿ, ಅಂಚಿನುದ್ದಕ್ಕೂ ಗುಳಿ ಬೀಳುತ್ತದೆ. ಹಲ್ಲು ಮೊಂಡಾಯಿತು ಎಂದು ನಾವು ಅನ್ನುವ ಹೊತ್ತಿಗೆ ಒಳಗೆ ಇಷ್ಟೆಲ್ಲ ನಡೆದುಹೋಗಿರುತ್ತದೆ.

ಹಾಗಾಗಿ ಮರಗೆಲಸದಲ್ಲಿ ಬರೀ ಗಡಸುತನ ಸಾಲದು, ಆಮ್ಲವನ್ನೂ ತಡೆಯಬೇಕು. ಈ ಕೆಲಸಕ್ಕೆ ಕ್ರೋಮಿಯಂ ನೈಟ್ರೈಡ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗಡಸುತನದಲ್ಲಿ ಚಿನ್ನದ ಬಣ್ಣದ ಲೇಪನಕ್ಕಿಂತ ಒಂದು ಕೈ ಕಡಿಮೆ, ನೋಡಲು ಬೂದುಬೂದು. ಆದರೆ ತುಕ್ಕು, ಆಮ್ಲಗಳಿಗೆ ಸುಲಭವಾಗಿ ಬಗ್ಗುವುದಿಲ್ಲ.

ನಿಜವಾದ ತೊಡಕು ಇರುವುದು ಅಲಗಿನ ಕೋನದಲ್ಲಿ. ಲೋಹ ಕತ್ತರಿಸುವ ಅಲಗು ಸಾಮಾನ್ಯವಾಗಿ 90 ಡಿಗ್ರಿಯ ಆಸುಪಾಸಿನಲ್ಲಿ ದಪ್ಪಗಿರುತ್ತದೆ. ಮರದ ಎಳೆ ಕಿತ್ತುಬರದಂತೆ ಕೊಯ್ಯಬೇಕಾದರೆ 40ರಿಂದ 60 ಡಿಗ್ರಿಯ ಚೂಪು ಬೇಕು. ಅಷ್ಟು ತೆಳುವಾದ ತುದಿ ಹೊಡೆತಕ್ಕೆ ತುಸು ಬಾಗಿದರೂ ಸಾಕು, ಹಾಸಿಗೆಯ ಮೇಲಿಟ್ಟು ಒತ್ತಿದ ಗಾಜಿನಂತೆ ಲೇಪನ ಒಡೆದು ಚಕ್ಕೆ ಏಳುತ್ತದೆ. ಲೇಪನ ದಪ್ಪವಾದರೆ ತುದಿಯೇ ದುಂಡಗಾಗಿ, ಹೊಸ ಬ್ಲೇಡೂ ಹಳೆಯದರಂತೆ ಕೊಯ್ಯುತ್ತದೆ. ಇದಕ್ಕಾಗಿಯೇ ಉಕ್ಕಿನ ಅಲಗಿನ ಮೈಗೆ ಮೊದಲು ನೈಟ್ರೋಜನ್ ಊಡಿಸಿ ಗಟ್ಟಿ ಮಾಡಿಕೊಂಡು, ಆಮೇಲೆ ಲೇಪನ ಕೂರಿಸುವ ಕ್ರಮವೂ ಇದೆ.

ಶಾಖದ ಲೆಕ್ಕವನ್ನೂ ಮರೆಯುವಂತಿಲ್ಲ. ಕತ್ತರಿಸುವ ಉಪಕರಣಗಳಿಗೆ ಬಳಸುವ ಹೈಸ್ಪೀಡ್ ಉಕ್ಕಿಗೆ ಹದ ಕೊಡುವುದು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಮೀರಿ ಕಾಯಿಸಿದರೆ ಲೇಪನ ನಿಂತರೂ ಉಕ್ಕಿನ ಹದ ಕೆಡುತ್ತದೆ. ಅದಕ್ಕೇ ಇಂಥ ಬ್ಲೇಡುಗಳಿಗೆ ಗಾಳಿ ತೆಗೆದ ಕೋಣೆಯಲ್ಲಿ, 500 ಡಿಗ್ರಿಯ ಒಳಗೇ ಲೋಹದ ಆವಿಯಿಂದ ಪದರ ಕೂರಿಸುತ್ತಾರೆ.

ನನಗೆ ತುಂಬ ಹಿಡಿಸಿದ ಉಪಾಯ ಇನ್ನೊಂದಿದೆ. ಹಲಗೆಯ ಮೈ ಹೆರೆದು ನಯ ಮಾಡುವ ಯಂತ್ರದ, ಅಂದರೆ ಪ್ಲೇನರ್‌ನ ಬ್ಲೇಡಿನ ಎರಡೂ ಮುಖಕ್ಕೆ ಲೇಪಿಸದೆ, ಸಿಪ್ಪೆ ಜಾರಿಹೋಗುವ ಚಪ್ಪಟೆ ಮುಖಕ್ಕೆ ಮಾತ್ರ ಲೇಪಿಸುವುದು. ಹಿಂದಿನ ಇಳಿಜಾರು ಮುಖ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ, ಲೇಪನದ ಅಂಚು ತೆಳ್ಳಗೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಕೆಲಸ ಮಾಡುತ್ತಲೇ ಅಲಗು ತನ್ನ ಚೂಪನ್ನು ತಾನೇ ಕಾಯ್ದುಕೊಂಡಂತೆ.

ದಿನಾ ಕಲ್ಲಿಗೆ ತಿಕ್ಕುವ ಕೈ ಉಳಿಗೆ ಈ ಖರ್ಚು ಬೇಡ. ದಿನವಿಡೀ ಪಾರ್ಟಿಕಲ್ ಬೋರ್ಡನ್ನೇ ಕೊಯ್ಯುವ ಯಂತ್ರಕ್ಕೆ ವಜ್ರದ ತುದಿಯ ಹಲ್ಲೇ ಲೇಸು. ಇವೆರಡರ ನಡುವಿನ ಪ್ಲೇನರ್ ಬ್ಲೇಡಿನಂಥವಕ್ಕೆ ಲೇಪನ ಹಾಕಿಸುವುದಾದರೆ, ಯಾವ ಮುಖಕ್ಕೆ ಹಾಕಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಸಾಣೆ ಹಿಡಿಯುವವರಿಗೂ ಅದನ್ನು ಹೇಳಿ ಕೊಡಿ. ಆ ಮುಖಕ್ಕೆ ಸಾಣೆಕಲ್ಲು ಒಮ್ಮೆ ತಾಗಿದರೂ ಆ ಎರಡು ಮೂರು ಮೈಕ್ರಾನ್ ಉಳಿಯುವುದಿಲ್ಲ.

ನಮಸ್ಕಾರ.