ಕರೆಂಟ್ ಹೋದ ಮೂರು ಗಂಟೆ

ಕೇಳುಗರಿಗೆ ನಮಸ್ಕಾರ.

2000ನೇ ಇಸವಿ, ಮಾರ್ಚ್ 31. ಜಪಾನಿನ ಉತ್ತರಕ್ಕಿರುವ ಹೊಕ್ಕೈಡೊ ದ್ವೀಪ. ಅಲ್ಲಿ ತೈಕಿ ಎನ್ನುವ ಸಣ್ಣ ಊರು. ಚಳಿಗಾಲ ಮುಗಿಯುತ್ತಾ ಬಂದಿತ್ತು. ಸೂರಿನ ಮೇಲೆ ಕಟ್ಟಿದ ಹಿಮ ಸಡಿಲವಾಗಿ ಗಡ್ಡೆ ಗಡ್ಡೆಯಾಗಿ ಬೀಳುವ ಕಾಲ ಅದು. ಅಂಥದ್ದೇ ಒಂದು ಗಡ್ಡೆ ಅಲ್ಲಿನ ಹಾಲಿನ ಕಾರ್ಖಾನೆಯ ವಿದ್ಯುತ್ ಕೋಣೆಯ ಚಾವಣಿ ಮುರಿದುಕೊಂಡು ಬಿತ್ತು. ಕರೆಂಟ್ ಹೋಯಿತು. ಸುಮಾರು 3 ಗಂಟೆ ಬರಲೇ ಇಲ್ಲ.

ಜೂನ್ ಕೊನೆಗೆ, ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರದ ಒಸಾಕಾ ಸೀಮೆಯಲ್ಲಿ ಮಕ್ಕಳು, ಮುದುಕರು, ಮನೆ ಮನೆಯವರೆಲ್ಲ ವಾಂತಿ ಮಾಡಿಕೊಳ್ಳತೊಡಗಿದರು. ಹೊಟ್ಟೆನೋವು, ಭೇದಿ. ಎಲ್ಲರೂ ಕುಡಿದದ್ದು ಒಂದೇ ಕಂಪನಿಯ ಕೊಬ್ಬು ಕಡಿಮೆ ಇರುವ ಹಾಲು. ಲೆಕ್ಕ ಮುಗಿಯುವ ಹೊತ್ತಿಗೆ ಕಾಯಿಲೆ ಬಿದ್ದವರು 13 ಸಾವಿರ ದಾಟಿದ್ದರು. ಯುದ್ಧದ ನಂತರದ ಜಪಾನ್ ಅಷ್ಟು ದೊಡ್ಡ ಆಹಾರ ವಿಷಬಾಧೆ ನೋಡಿದ್ದು ಕಡಿಮೆ.

ಆ ಕಂಪನಿಯ ಹೆಸರು ಯುಕಿಜಿರುಶಿ. ಅಂದರೆ ಹಿಮದ ಗುರುತು. ಹೊರದೇಶಗಳಲ್ಲಿ ಸ್ನೋ ಬ್ರ್ಯಾಂಡ್ ಎಂದು ಹೆಸರಾಗಿತ್ತು. ಜಪಾನಿನ ಹಾಲಿನ ವ್ಯಾಪಾರದಲ್ಲಿ ಆಗ ಅದೇ ದೊಡ್ಡಣ್ಣ. ಜಪಾನ್ ಎಂದರೆ ಗುಣಮಟ್ಟ ಎಂದು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ, ಅಲ್ವಾ? ರೇಡಿಯೋ, ವಾಚು, ಕಾರು, ಏನೇ ಇರಲಿ, ಜಪಾನಿನದು ಎಂದರೆ ಕಣ್ಣುಮುಚ್ಚಿ ಕೊಳ್ಳಬಹುದು ಎನ್ನುವ ನಂಬಿಕೆ. ಆ ನಂಬಿಕೆ ಸುಳ್ಳು ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ. ಅಂಥ ದೇಶದಲ್ಲೂ ಇದು ಹೇಗೆ ಆಯಿತು ಎನ್ನುವುದು ನನ್ನನ್ನು ಬಹಳ ದಿನ ಕಾಡಿದೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನಿಸಿತು.

ಮೊದಲು ಆ ಹಾಲಿಗೆ ಏನಾಯಿತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕರೆಂಟ್ ಹೋದಾಗ ತೈಕಿಯ ಕಾರ್ಖಾನೆಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಕೆಲಸ ನಡೆದಿತ್ತು. ಯಂತ್ರ ನಿಂತಿತು. ಹಾಲು ಕೊಳವೆಯಲ್ಲಿ, ತೊಟ್ಟಿಯಲ್ಲಿ ಬೆಚ್ಚಗೆ ಹಾಗೇ ಉಳಿಯಿತು. ಬೆಚ್ಚಗಿನ ಹಾಲು ಹೊರಗಿಟ್ಟರೆ ಏನಾಗುತ್ತದೆ ಎಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದರಲ್ಲಿ ಸ್ಟೆಫಿಲೋಕಾಕಸ್ ಎನ್ನುವ ಬ್ಯಾಕ್ಟೀರಿಯಾ ಬೆಳೆಯಿತು. ಬೆಳೆಯುತ್ತಾ ಒಂದು ವಿಷವನ್ನು ಹಾಲಿಗೆ ಬಿಟ್ಟಿತು. ಆ ಹಾಲನ್ನು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಪುಡಿ ಮಾಡಿದರು.

ಪುಡಿಯನ್ನು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಕಂಪನಿಯದೇ ಮಿತಿಗಿಂತ ಜಾಸ್ತಿ ಇತ್ತು. ಅಂದರೆ ಅಲ್ಲಿ ಕೆಲಸ ಮಾಡುವವರಿಗೆ ಗೊತ್ತಾಗಿತ್ತು. ಆಗಲಾದರೂ ಎಸೆಯಬೇಕಿತ್ತು. ಅದನ್ನು ನೀರಿನಲ್ಲಿ ಕರಗಿಸಿ, ಬೇರೆ ಹಾಲಿಗೆ ಬೆರೆಸಿ, ಏಪ್ರಿಲ್ 10ರಂದು ಮತ್ತೆ ಹೊಸ ಪುಡಿ ಮಾಡಿದರು. ಮತ್ತೆ ಕಾಯಿಸಿದಾಗ ಬ್ಯಾಕ್ಟೀರಿಯಾ ಸತ್ತವು. ಈ ಸಲದ ಪುಡಿ ಪರೀಕ್ಷೆಯಲ್ಲಿ ಪಾಸಾಯಿತು.

ಆದರೆ ವಿಷ ಸಾಯಲಿಲ್ಲ. ಸಾರಿನಿಂದ ಮೆಣಸಿನಕಾಯಿ ಎತ್ತಿ ಹಾಕಿದರೂ ಖಾರ ಸಾರಿನಲ್ಲೇ ಉಳಿಯುತ್ತದಲ್ಲ, ಹಾಗೆ. ಆ ವಿಷ ಎಷ್ಟು ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಆ ಪುಡಿ ಒಸಾಕಾ ಕಾರ್ಖಾನೆಗೆ ಹೋಗಿ, ಹಾಲಾಗಿ, ಮನೆಗಳಿಗೆ ತಲುಪಿತು. ಒಸಾಕಾದ ಆ ಕಾರ್ಖಾನೆಗೆ ಸರ್ಕಾರದ ಸುರಕ್ಷತಾ ಮಾನ್ಯತೆಯೂ ಇತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ. ಗೋಡೆಯ ಮೇಲೆ ಸರ್ಟಿಫಿಕೇಟ್ ಇತ್ತು, ತೊಟ್ಟಿಯಲ್ಲಿ ವಿಷ ಇತ್ತು.

ಜೂನ್ 27ಕ್ಕೆ ಮೊದಲ ದೂರು ಬಂತು. ಮಾರನೇ ದಿನ ಸಪ್ಪೊರೊ ನಗರದಲ್ಲಿ ಕಂಪನಿಯ ಷೇರುದಾರರ ಸಭೆ. ದೊಡ್ಡವರೆಲ್ಲ ಅಲ್ಲಿದ್ದರು. ಅದೇ ದಿನ ಒಸಾಕಾ ನಗರದ ಆರೋಗ್ಯ ಅಧಿಕಾರಿಗಳು ಕಾರ್ಖಾನೆಗೆ ಬಂದು, ಹಾಲು ವಾಪಸ್ ತರಿಸಿ, ಜನರಿಗೆ ತಿಳಿಸಿ ಎಂದರು. ಜನರಿಗೆ ಸುದ್ದಿ ತಲುಪಿದ್ದು 29ರಂದು. ಎರಡು ದಿನ ಅಷ್ಟೇ ತಾನೆ ಎಂದು ಯಾರಾದರೂ ಹೇಳಬಹುದು. ಆ ಎರಡು ದಿನ ಬೆಳಗ್ಗೆ ಎಷ್ಟು ಮನೆಗಳಲ್ಲಿ ಮಕ್ಕಳ ಲೋಟಕ್ಕೆ ಆ ಹಾಲು ಬಗ್ಗಿಸಿದರೋ ಯೋಚಿಸಿ.

ಮುಂದಿನ ದಿನಗಳು ಇನ್ನೂ ಕೆಟ್ಟದಾಗಿದ್ದವು. ಪತ್ರಿಕಾಗೋಷ್ಠಿಯಲ್ಲಿ ಕಾರ್ಖಾನೆಯ ಮುಖ್ಯಸ್ಥರು ಒಂದು ವಾಲ್ವ್ ಕೊಳಕಾಗಿತ್ತು ಎಂದು ಹೇಳಿದರೆ, ಪಕ್ಕದಲ್ಲಿ ಕೂತ ಅಧ್ಯಕ್ಷರು, ಹೌದೇನ್ರೀ, ನಿಜವೇ, ಎಂದು ಅವರನ್ನೇ ಕೇಳಿದರು. ಮನೆಯ ಯಜಮಾನನಿಗೆ ಮನೆಯಲ್ಲಿ ಏನಾಗಿದೆ ಎಂದು ಗೊತ್ತಿರಲಿಲ್ಲ. ಇನ್ನೊಂದು ದಿನ, ಬೆನ್ನು ಬಿಡದ ಪತ್ರಕರ್ತರಿಗೆ ಅಧ್ಯಕ್ಷರು, ನಾನು ನಿದ್ದೆ ಮಾಡಿಲ್ಲ ಎಂದುಬಿಟ್ಟರು. ಪುಟ್ಟ ಮಕ್ಕಳು ಆಸ್ಪತ್ರೆಯಲ್ಲಿದ್ದಾಗ ಆಡಿದ ಮಾತು. ಟಿವಿಯಲ್ಲಿ ಅದು ಮತ್ತೆ ಮತ್ತೆ ಬಂತು. ಜುಲೈ ಮೊದಲ ವಾರದಲ್ಲೇ ಅವರು ರಾಜೀನಾಮೆ ಪ್ರಕಟಿಸಿದರು. ಅಂಗಡಿಗಳು ಆ ಕಂಪನಿಯ ಬೆಣ್ಣೆ, ಚೀಸ್, ಐಸ್‌ಕ್ರೀಮ್ ಎಲ್ಲವನ್ನೂ ಕಪಾಟಿನಿಂದ ಇಳಿಸಿದವು.

ಇಲ್ಲೇ ಜಪಾನಿನಲ್ಲಿ ದೊಡ್ಡ ಚರ್ಚೆ ಎದ್ದದ್ದು. ಕೆಲವರು ಹೇಳಿದರು, ಇದು ಅತಿಯಾಯಿತು. ಒಂದು ಹಾಲಿನ ತಪ್ಪಿಗೆ ಬೆಣ್ಣೆಯನ್ನೂ ಯಾಕೆ ದೂರ ಇಡಬೇಕು? ಹೊಕ್ಕೈಡೊದ ರೈತರು ಏನು ಪಾಪ ಮಾಡಿದ್ದಾರೆ? ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಆಗುವುದಿಲ್ಲ. ಯಾಕೆಂದರೆ ಆ ಕಂಪನಿ ಹುಟ್ಟಿದ್ದೇ ರೈತರ ಕೈಯಲ್ಲಿ. 1923ರಲ್ಲಿ ಟೋಕಿಯೊ ಕಡೆ ದೊಡ್ಡ ಭೂಕಂಪವಾಯಿತು. ಆಮೇಲೆ ಹೊರಗಿನ ಹಾಲಿನ ಪದಾರ್ಥಗಳು ಸುಂಕವಿಲ್ಲದೆ ಒಳಗೆ ಬಂದವು. ಹೊಕ್ಕೈಡೊದ ಹೈನುಗಾರರ ಹಾಲು ಕೇಳುವವರಿಲ್ಲದ ಹಾಗಾಯಿತು. ಆಗ ಅವರೇ ಸೇರಿ 1925ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ನಾವೇ ಬೆಣ್ಣೆ ಮಾಡೋಣ ಎಂದರು. ಸ್ನೋ ಬ್ರ್ಯಾಂಡಿನ ಬೇರು ಅದು. ಹಸು ಕಟ್ಟಿದ ಮನೆಯ ಕಷ್ಟ ಬಲ್ಲ ಯಾರಿಗಾದರೂ ಈ ಕತೆ ಹತ್ತಿರ ಅನಿಸುತ್ತದೆ.

ಆದರೂ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆ ರೈತರಿಗೆ ನಷ್ಟ ಮಾಡಿದ್ದು ಗ್ರಾಹಕರ ಭಯ ಅಲ್ಲ. ಕೆಟ್ಟ ಪುಡಿಯನ್ನು ಕರಗಿಸಿ ಮತ್ತೆ ಪುಡಿ ಮಾಡಿದ ಆ ನಿರ್ಧಾರ, ಮತ್ತು ಬಾಯಿಬಿಡಲು ತಡ ಮಾಡಿದ ಆ ಎರಡು ದಿನ. ಏನು ಕೆಟ್ಟಿದೆ, ಏನು ಕೆಟ್ಟಿಲ್ಲ ಎಂದು ಕಂಪನಿಯೇ ಸರಿಯಾಗಿ ಹೇಳದೇ ಇದ್ದಾಗ, ಮಗುವಿನ ತಾಯಿ ಬೆಣ್ಣೆಯನ್ನೂ ದೂರ ಇಡುತ್ತಾಳೆ. ಇಡಲೇಬೇಕು.

ನನ್ನನ್ನು ನಿಜವಾಗಿ ಕಾಡಿದ ವಿಷಯಕ್ಕೆ ಈಗ ಬರುತ್ತೇನೆ.

ಇದೆಲ್ಲ ಅದೇ ಕಂಪನಿಯಲ್ಲಿ ಮೊದಲೇ ಒಮ್ಮೆ ಆಗಿತ್ತು. 45 ವರ್ಷ ಹಿಂದೆ, 1955ರ ಮಾರ್ಚಿನಲ್ಲಿ. ಟೋಕಿಯೊದ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕೊಟ್ಟ ಹಾಲಿನಿಂದ 1,900ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಹಾಲಿನ ಪುಡಿ ಬಂದದ್ದು ಹೊಕ್ಕೈಡೊದ ಯಾಕುಮೊ ಎಂಬ ಊರಿನ ಸ್ನೋ ಬ್ರ್ಯಾಂಡ್ ಕಾರ್ಖಾನೆಯಿಂದ. ಕಾರಣ? ಯಂತ್ರ ಕೆಟ್ಟಿತ್ತು, ಕರೆಂಟ್ ಹೋಗಿತ್ತು, ಹಾಲು ಹಾಗೇ ಉಳಿದಿತ್ತು. ಬ್ಯಾಕ್ಟೀರಿಯಾ ಕೂಡ ಅದೇ ಸ್ಟೆಫಿಲೋಕಾಕಸ್.

ಆಗಿನ ಅಧ್ಯಕ್ಷರು ಸಾತೊ ಮಿತ್ಸುಗಿ. ಅವರು ನೆಪ ಹೇಳಲಿಲ್ಲ. ಮಾಲು ವಾಪಸ್ ತರಿಸಿದರು, ಕ್ಷಮೆ ಕೇಳಿದರು. ಆಮೇಲೆ ಎಲ್ಲ ನೌಕರರಿಗೂ ಒಂದು ಪತ್ರ ಬರೆದರು. ನಂಬಿಕೆ ಗಳಿಸಲು ಬಹಳ ವರ್ಷ ಬೇಕು, ಕಳೆದುಕೊಳ್ಳಲು ಒಂದು ಕ್ಷಣ ಸಾಕು, ನಂಬಿಕೆಯನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಎಂದು ಅದರಲ್ಲಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಪತ್ರವನ್ನು ವರ್ಷಾನುಗಟ್ಟಲೆ ಕೊಡುತ್ತಿದ್ದರು. 1980ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಯಾರೂ ಬೇಕೆಂದು ನಿಲ್ಲಿಸಿದ್ದಿರಲಿಕ್ಕಿಲ್ಲ. ಹಳೇ ಕತೆ, ಈಗ ಯಾಕೆ, ಎಂದು ಅನಿಸಿರಬೇಕು. ತೈಕಿಯಲ್ಲಿ ಕರೆಂಟ್ ಹೋದ ದಿನ ಅಲ್ಲಿದ್ದವರಿಗೆ ಯಾಕುಮೊ ನೆನಪಾಗಿದ್ದರೆ ಆ ಹಾಲು ಮೋರಿಗೆ ಹೋಗುತ್ತಿತ್ತು.

ಅದೇ 1955ರ ಬೇಸಿಗೆಯಲ್ಲಿ ಮೊರಿನಾಗಾ ಎನ್ನುವ ಇನ್ನೊಂದು ಕಂಪನಿಯ ಹಾಲಿನ ಪುಡಿಗೆ ಆರ್ಸೆನಿಕ್ ಸೇರಿ ನೂರಕ್ಕೂ ಹೆಚ್ಚು ಎಳೆಮಕ್ಕಳು ತೀರಿಕೊಂಡರು. 12 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ತೊಂದರೆಯಾಯಿತು. ಮಕ್ಕಳೆಲ್ಲ ಗುಣವಾದರು ಎಂದು ಆಗ ಹೇಳಿಬಿಟ್ಟರು. ಹದಿನಾಲ್ಕು ವರ್ಷದ ಮೇಲೆ ಒಸಾಕಾ ವಿಶ್ವವಿದ್ಯಾಲಯದ ಮಾರುಯಾಮಾ ಎಂಬ ಪ್ರೊಫೆಸರ್ ಮತ್ತು ಅವರ ಜೊತೆಯವರು ಮನೆ ಮನೆಗೆ ಹೋಗಿ ನೋಡಿದಾಗ, ಎಷ್ಟೋ ಮಕ್ಕಳು ಇನ್ನೂ ನರಳುತ್ತಿರುವುದು ಹೊರಗೆ ಬಂತು.

ಸ್ನೋ ಬ್ರ್ಯಾಂಡ್ ಕತೆ ಹಾಲಿಗೇ ಮುಗಿಯಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಸಲ ಹುಚ್ಚು ಹಸು ರೋಗ ಪತ್ತೆಯಾಯಿತು. ಪರೀಕ್ಷೆಗೆ ಮೊದಲು ಕಡಿದ ದೇಶದೊಳಗಿನ ದನದ ಮಾಂಸವನ್ನು ಸರ್ಕಾರವೇ ಕೊಂಡುಕೊಳ್ಳುತ್ತೇನೆ ಎಂದಿತು. ಸ್ನೋ ಬ್ರ್ಯಾಂಡಿನ ಮಾಂಸದ ಕಂಪನಿ ಆಸ್ಟ್ರೇಲಿಯಾದ ಮಾಂಸಕ್ಕೆ ಜಪಾನಿನ ಚೀಟಿ ಅಂಟಿಸಿ ಆ ದುಡ್ಡಿಗೆ ಕೈಹಾಕಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆದರೆ ನೋಡಿದವರಿದ್ದರು. ಆ ಮಾಂಸ ಇಟ್ಟಿದ್ದ ಕೋಲ್ಡ್ ಸ್ಟೋರೇಜಿನ ಮಾಲೀಕ ಮಿಜುತಾನಿ ಯೊಇಚಿ 2002ರ ಜನವರಿಯಲ್ಲಿ ಅದನ್ನು ಬಯಲು ಮಾಡಿದರು. ಏಪ್ರಿಲ್ ಕೊನೆಗೆ ಆ ಮಾಂಸದ ಕಂಪನಿಯನ್ನೇ ಮುಚ್ಚಿದರು.

ಸತ್ಯ ಹೇಳಿದ ಮನುಷ್ಯನಿಗೆ ಏನಾಯಿತು? ಗಿರಾಕಿಗಳು ದೂರ ಸರಿದರು. ಅವರ ಕಡೆಯ ಕಾಗದಪತ್ರದಲ್ಲೂ ತಪ್ಪಿದೆ ಎಂದು ಸರ್ಕಾರ ಕೆಲಸ ನಿಲ್ಲಿಸುವ ಆದೇಶ ಕೊಟ್ಟಿತು. ಕೋಲ್ಡ್ ಸ್ಟೋರೇಜ್ ಮುಚ್ಚಿತು. ಅವರು ಬೀದಿಯಲ್ಲಿ ಕೂತು ಜನರ ಸಹಾಯ ಕೇಳಬೇಕಾಯಿತು. ಆಮೇಲೆ ಮತ್ತೆ ಬಾಗಿಲು ತೆಗೆದರು. ಒಳಗಿನ ಗುಟ್ಟು ಹೇಳಿದ ನೌಕರರನ್ನು ಕಾಪಾಡುವ ಕಾನೂನು 2004ರಲ್ಲಿ ಪಾಸಾಗಿ 2006ರಲ್ಲಿ ಜಾರಿಗೆ ಬಂತು. ಇವರಿಗೆ ಅದರಿಂದ ಏನೂ ಸಿಗಲಿಲ್ಲ. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು.

ನಮ್ಮ ಊರಿಗೂ ತಾಗುವ ಒಂದು ಮಾತು. ಟಕಾಟಾ ಎನ್ನುವ ಜಪಾನ್ ಕಂಪನಿಯ ಏರ್‌ಬ್ಯಾಗ್ ನೆನಪಿರಬಹುದು. ಅದನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿದರೆ ಕೆಡುತ್ತದೆ. ಕೆಟ್ಟದ್ದು ಸಿಡಿದಾಗ ಲೋಹದ ಚೂರುಗಳು ಓಡಿಸುವವರ ಮುಖಕ್ಕೇ ಹಾರುತ್ತವೆ. ಪರೀಕ್ಷೆಯ ಅಂಕಿಅಂಶ ತಿರುಚಿದ್ದನ್ನು ಕಂಪನಿ 2017ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅದೇ ವರ್ಷದ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲೂ ಹೋಂಡಾ ತನ್ನ ಹಳೇ ಕಾರುಗಳನ್ನು ಇದಕ್ಕಾಗಿ ಹಲವು ಸಲ ವಾಪಸ್ ಕರೆದು ಏರ್‌ಬ್ಯಾಗ್ ಬದಲಿಸಿಕೊಟ್ಟಿದೆ. ಮಂಗಳೂರು, ಉಡುಪಿ, ಕಾರವಾರದ ಹವೆ ಹೇಗೆ ಎಂದು ಗೊತ್ತಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಅದರ ಷಾಸಿ ನಂಬರ್ ಹಿಡಿದು ಶೋರೂಮಿನಲ್ಲಿ ಒಮ್ಮೆ ಕೇಳಿ. ಬದಲಿಸಿಕೊಡಲು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ಮೊನ್ನೆ ಮೊನ್ನೆಯದು. 2024. ಮತ್ತೆ ಒಸಾಕಾ. ಕೊಬಯಾಶಿ ಎನ್ನುವ ಔಷಧ ಕಂಪನಿ ಕೆಂಪು ಯೀಸ್ಟ್ ಅಕ್ಕಿಯಿಂದ ಕೊಲೆಸ್ಟರಾಲ್ ಇಳಿಸುವ ಮಾತ್ರೆ ಮಾಡಿ ಮಾರುತ್ತಿತ್ತು. ಜನವರಿಯಲ್ಲೇ ಒಬ್ಬ ವೈದ್ಯರು ಫೋನ್ ಮಾಡಿ, ಇದನ್ನು ತಿಂದವರ ಕಿಡ್ನಿ ಕೆಡುತ್ತಿದೆ ಎಂದು ತಿಳಿಸಿದರು. ಕಂಪನಿ ಜನರಿಗೆ ಹೇಳಿದ್ದು ಮಾರ್ಚ್ 22ಕ್ಕೆ. ಎರಡು ತಿಂಗಳು! ನೀಲಿ ಬೂಷ್ಟಿನಿಂದ ಹುಟ್ಟುವ ಒಂದು ಆಮ್ಲ ಅದರಲ್ಲಿ ಸೇರಿತ್ತು. ತೊಟ್ಟಿಯ ಮುಚ್ಚಳದ ಒಳಗೆ ಬೂಷ್ಟು ಕಂಡಾಗ, ಸ್ವಲ್ಪ ಬೂಷ್ಟು ಸೇರುವುದು ಇದ್ದದ್ದೇ ಎಂದು ಒಳಗಿನವರೇ ಹೇಳಿದ್ದರು ಎಂದು ಹೊರಗಿನ ವಕೀಲರ ತನಿಖೆಯಲ್ಲಿ ಬಂತು. ಅಂಥ ಮಾತ್ರೆಗಳನ್ನು ಸರ್ಕಾರ ಪರೀಕ್ಷಿಸಿ ಒಪ್ಪಬೇಕಿರಲಿಲ್ಲ. 2015ರಿಂದ ಕಂಪನಿ ತಿಳಿಸಿದರೆ ಸಾಕಿತ್ತು. ವ್ಯಾಪಾರ ಬೆಳೆಯಲಿ ಎಂದು ಸಡಿಲ ಮಾಡಿದ ನಿಯಮ ಅದು. ಸಾವುಗಳಾದ ಮೇಲೆ, ತೊಂದರೆಯ ಸುದ್ದಿ ಬಂದ ಕೂಡಲೇ ಸರ್ಕಾರಕ್ಕೆ ತಿಳಿಸುವುದನ್ನು ಕಡ್ಡಾಯ ಮಾಡಿದರು.

ಸ್ನೋ ಬ್ರ್ಯಾಂಡ್ 2002ರಲ್ಲಿ ಒಂದು ಒಳ್ಳೇ ಕೆಲಸ ಮಾಡಿತು. ಗ್ರಾಹಕರ ಸಂಘಟನೆಯಲ್ಲಿ ದುಡಿದ ಹಿವಾಸಾ ನೊಬುಕೊ ಎಂಬ ಹೆಣ್ಣುಮಗಳನ್ನು ತನ್ನ ಆಡಳಿತ ಮಂಡಳಿಗೇ ಕರೆಯಿತು. ದೂರು ಕೊಡುವವರ ಕಡೆಯವರು ಒಳಗೆ ಕುರ್ಚಿ ಹಾಕಿಕೊಂಡು ಕೂತರು. ಕಂಪನಿ ಈಗ ಮೆಗ್‌ಮಿಲ್ಕ್ ಸ್ನೋ ಬ್ರ್ಯಾಂಡ್ ಎಂಬ ಹೆಸರಿನಲ್ಲಿದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಜನವರಿಯಲ್ಲಿ, ನೌಕರರೆಲ್ಲ 2000ದ ಹಾಲಿನ ಮತ್ತು ಆಮೇಲಿನ ಮಾಂಸದ, ಆ ಎರಡು ಘಟನೆಗಳನ್ನು ನೆನೆಯುತ್ತಾರೆ. ಸಾತೊ ಅವರ ಪತ್ರವೂ ಮತ್ತೆ ಬೆಳಕಿಗೆ ಬಂದಿದೆ.

ಈಗ ನಮ್ಮನೆಯ ಒಂದು ಸಣ್ಣ ಸಂಗತಿ. ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ಹಾಲು ಕಾಯಿಸಲು ಇಟ್ಟರೆ ಒಡೆದುಹೋಯಿತು. ಪ್ಯಾಕೆಟ್ಟಿನ ಮೇಲೆ ಆವತ್ತಿನದೇ ತಾರೀಖು. ಅಂಗಡಿಯಣ್ಣನಿಗೆ ಹೇಳಿದೆ. ಪಾಪ, ಮಾತಾಡದೆ ಇನ್ನೊಂದು ಪ್ಯಾಕೆಟ್ ಕೊಟ್ಟರು. ನಾನೂ ಸುಮ್ನೆ ಬಂದೆ. ಈ ಕತೆಗಳನ್ನೆಲ್ಲ ಓದಿದ ಮೇಲೆ ಹೊಳೆಯಿತು, ನನ್ನ ದೂರು ಆ ಕೌಂಟರಿನಲ್ಲೇ ಸತ್ತಿತ್ತು. ಅದೇ ಬೆಳಗ್ಗೆ ಬೇರೆ ಬೀದಿಯಲ್ಲಿ ಇನ್ನೂ ಹತ್ತು ಮನೆಯಲ್ಲಿ ಹಾಲು ಒಡೆದಿದ್ದರೂ ಆ ಹತ್ತನ್ನು ಕೂಡಿಸಿ ನೋಡುವವರು ಯಾರೂ ಇರಲಿಲ್ಲ.

ಹೋದ ತಿಂಗಳು ಮತ್ತೆ ಹಾಗೇ ಆಯಿತು. ಈ ಸಲ ಪ್ಯಾಕೆಟ್ ಬಿಸಾಡಲಿಲ್ಲ. ತೊಳೆದು, ಒರೆಸಿ, ಅದರ ಮೇಲಿದ್ದ ಗ್ರಾಹಕರ ನಂಬರಿಗೆ ಫೋನ್ ಮಾಡಿದೆ. ಅಲ್ಲಿ ಯಾರೂ ಎತ್ತದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇತ್ತು. ಆದರೆ ಎತ್ತಿದರು. ಆ ಕಡೆಯಿಂದ ಒಬ್ಬಳು ಹುಡುಗಿ, ಬ್ಯಾಚ್ ನಂಬರ್ ಹೇಳಿ ಮೇಡಂ, ಎಂದಳು. ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಓದಿ ಹೇಳಿದೆ. ಅವಳು ತಿರುಗಿ ಓದಿ ಹೇಳಿದಳು, ಬರೆದುಕೊಂಡಳು. ಇವತ್ತು ಇದೇ ನಂಬರಿನದು ಇನ್ನೂ ಯಾರಾದರೂ ಹೇಳಿದ್ದಾರಾ ಎಂದು ಕೇಳಿದೆ. ಒಂದು ನಿಮಿಷ ಮೇಡಂ, ನೋಡ್ತೀನಿ, ಎಂದಳು.

ನಮಸ್ಕಾರ.