35 ವರ್ಷ ಯಾರಿಗೂ ಸಿಗದ ಗಿಟಾರ್ ವಾದಕ, ವಿಳಾಸ ಮಾತ್ರ ಹಾಡಲ್ಲೇ ಇತ್ತು!

[ಕಪ್ಪು ಪರದೆ. ಹಳೇ ರೆಕಾರ್ಡಿನ ಕರಕರ ಸದ್ದು. ಹಿಂದೆ ಮೆಲ್ಲಗೆ ಗಿಟಾರ್.]

ಈ ಗಿಟಾರ್ ಕೇಳಿ. ಎರಡು ಜನ ನುಡಿಸ್ತಿದ್ದಾರೆ ಅನ್ಸುತ್ತೆ, ಅಲ್ವಾ? ಇಲ್ಲ, ಒಬ್ಬರೇ. ಹೆಸರು ಜಾನ್ ಹರ್ಟ್. ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಆವಲಾನ್ ಅನ್ನೋ ಪುಟ್ಟ ಊರಿನವರು. ಬೇರೆಯವರ ಹೊಲವನ್ನು ಪಾಲಿಗೆ ಮಾಡಿಕೊಂಡಿದ್ದ ಕಪ್ಪು ರೈತ. ಶನಿವಾರ ರಾತ್ರಿ ಊರವರು ಕುಣಿಯೋಕೆ ಸೇರಿದರೆ ಗಿಟಾರ್ ನುಡಿಸೋರು.

[ಹಳೆಯ ಫೋಟೋ: ಹ್ಯಾಟ್ ಹಾಕಿದ ಹರ್ಟ್]

1928. ಅದೇ ಕಡೆಯ ಪಿಟೀಲು ವಾದಕ ವಿಲ್ಲಿ ನಾರ್ಮರ್, ಓಕೆ ರೆಕಾರ್ಡ್ಸ್ ಕಂಪನಿಯವರಿಗೆ ಹರ್ಟ್ ಹೆಸರು ಹೇಳಿದರು. ಫೆಬ್ರವರಿಯಲ್ಲಿ ಮೆಂಫಿಸ್‌ಗೆ ಕರೆ ಬಂತು. ದೊಡ್ಡ ಹಾಲ್, ಒಳಗೆ ಎರಡು ಮೂರು ಜನ. ಮೈಕನ್ನು ಬಾಯಿ ಹತ್ತಿರವೇ ತಂದಿಟ್ಟು, ತಲೆ ಅಲ್ಲಾಡಿಸಬೇಡಿ ಅಂದರಂತೆ. ಕುಣಿಯೋ ಜನರ ನಡುವೆ ಹಾಡುತ್ತಿದ್ದ ಮನುಷ್ಯ, ಗೊಂಬೆ ಹಾಗೆ ಕೂತು ಹಾಡಿದರು. ಎಂಟು ಹಾಡಿನಲ್ಲಿ ಹೊರಗೆ ಬಂದದ್ದು ಎರಡೇ.

ಹೆಸರಿಗೆ ಊರಿನ ರಾಜ್ಯ ಸೇರಿಸಿ 'ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್' ಮಾಡಿದ್ದೂ ಕಂಪನಿಯೇ. ಸುಮ್ನೆ ರೆಕಾರ್ಡ್ ಮಾರೋಕೆ!

ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಕರೆಸಿದರು. ಚಳಿಗಾಲ, ಗುರುತಿಲ್ಲದ ಪಟ್ಟಣ, ಕ್ರಿಸ್‌ಮಸ್ ಹತ್ತಿರ. ಮನೆ ನೆನಪಾಗದೆ ಇರುತ್ತಾ? ಅಲ್ಲಿ ಹಾಡಿದ್ದರಲ್ಲಿ ಒಂದು 'ಆವಲಾನ್ ಬ್ಲೂಸ್'. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ. ಆವಲಾನ್ ನನ್ನೂರು, ಯಾವಾಗಲೂ ಮನಸ್ಸಲ್ಲೇ ಇರುತ್ತೆ ಅಂತ ಹಾಡಿದರು. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ರೆಕಾರ್ಡ್ ಜಾಸ್ತಿ ಮಾರಲಿಲ್ಲ. ಮರುವರ್ಷ ಆರ್ಥಿಕ ಕುಸಿತ. ಹರ್ಟ್ ವಾಪಸ್ ಹೊಲಕ್ಕೆ.

[ಹತ್ತಿರದ ಶಾಟ್: ಗಿಟಾರ್ ಮೇಲೆ ಬಲಗೈ]

ಈಗ ಕೈ ನೋಡಿ. ಗುಟ್ಟೆಲ್ಲ ಹೆಬ್ಬೆರಳಲ್ಲಿದೆ. ಅದು ಮೇಲಿನ ದಪ್ಪ ತಂತಿಗಳ ಮೇಲೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬೀಳುತ್ತೆ. ಡಂ-ಟಿಂ, ಡಂ-ಟಿಂ. ಉಳಿದ ಬೆರಳುಗಳು ಕೆಳಗಿನ ಸಣ್ಣ ತಂತಿಗಳಲ್ಲಿ ಹಾಡಿನ ಮಟ್ಟು ಹಿಡಿದಿರುತ್ತವೆ. ಆ ಮಟ್ಟು ಹೆಬ್ಬೆರಳಿನ ಜೊತೆಗೇ ಬೀಳಲ್ಲ, ಎಷ್ಟೋ ಸಲ ಎರಡು ಪೆಟ್ಟಿನ ನಡುವೆ ನುಸುಳುತ್ತೆ. ಭಜನೆಯಲ್ಲಿ ತಾಳ ಹಾಕೋರನ್ನು ನೋಡಿದ್ದೀರಲ್ಲ? ಹಾಡೋರು ಎಲ್ಲೆಲ್ಲಿ ಎಳೆದಾಡಿದರೂ ತಾಳದ ಕೈ ನಿಲ್ಲಲ್ಲ. ಹರ್ಟ್‌ಗೆ ತಾಳದವರೂ ಹಾಡುವವರೂ ಒಂದೇ ಕೈಯಲ್ಲಿದ್ದರು.

ಅಕ್ಕಪಕ್ಕದ ಡೆಲ್ಟಾ ಸೀಮೆಯ ಬ್ಲೂಸ್‌ನವರು ತಂತಿ ಕಿತ್ತು ಹೋಗೋ ಹಾಗೆ ಬಾರಿಸಿ, ಗಂಟಲು ಬಿರಿಯೋ ಹಾಗೆ ಹಾಡುತ್ತಿದ್ದ ಕಾಲ ಅದು. ಇವರದು ಮೆತ್ತನೆ ದನಿ. ಕೊಲೆಯ ಕಥೆಯನ್ನೂ ಜಗಲಿ ಮೇಲೆ ಕೂತು ಹೇಳೋ ಹಾಗೆ ಹಾಡುತ್ತಾರೆ. ನನಗೆ ಹೆಚ್ಚು ಹೆದರಿಕೆ ಆಗೋದು ಅದಕ್ಕೇ.

[ಅಟ್ಲಾಸ್ ಮೇಲೆ ಬೆರಳು]

1952. ಹ್ಯಾರಿ ಸ್ಮಿತ್ ಹಳೆಯ ಜನಪದ ರೆಕಾರ್ಡುಗಳ ದೊಡ್ಡ ಸಂಕಲನ ತಂದರು. ಅದರಲ್ಲಿ ಹರ್ಟ್ ಹಾಡು ಎರಡು. ಹುಡುಗರು ಹುಚ್ಚಾದರು. ಆದರೆ ಯಾರು ಈ ಮನುಷ್ಯ? ಬದುಕಿದ್ದಾರಾ?

ಕೊನೆಗೆ 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ 'ಆವಲಾನ್ ಬ್ಲೂಸ್' ಕೇಳಿ, ಆ ಒಂದು ಸಾಲು ಹಿಡಿದು ಹೊರಟರು. ಹಳೆಯ ಅಟ್ಲಾಸ್ ತೆರೆದರೆ ಗ್ರೀನ್‌ವುಡ್ ಮತ್ತು ಗ್ರೆನಾಡಾ ನಡುವೆ ಆವಲಾನ್ ಇದೆ! ಕಾರಲ್ಲಿ ಹೋಗಿ ವಿಚಾರಿಸಿದರೆ, ಹರ್ಟ್ ಅಲ್ಲೇ ಇದ್ದಾರೆ. ಸುಮಾರು 70 ವಯಸ್ಸು. ದನ ನೋಡಿಕೊಳ್ಳುವ ಕೆಲಸ.

ಅವರಿಗೆ ಮೊದಲು ಭಯವೇ ಆಯಿತು. ಪೊಲೀಸರೋ ಎಫ್‌ಬಿಐನವರೋ ಅಂದುಕೊಂಡರು. ಆಗಿನ ಮಿಸ್ಸಿಸ್ಸಿಪ್ಪಿಯಲ್ಲಿ ಕಪ್ಪು ಜನರ ಮನೆ ಬಾಗಿಲಿಗೆ ಗುರುತಿಲ್ಲದ ಬಿಳಿಯ ಬಂದರೆ ಇನ್ನೇನು ಅಂದುಕೊಳ್ಳಬೇಕು?

ಹಾಸ್ಕಿನ್ಸ್ ತಮ್ಮ ಗಿಟಾರ್ ಕೈಗಿಟ್ಟರು. ಬೆರಳು ಸ್ವಲ್ಪ ಜಡವಾಗಿತ್ತು, ಅಷ್ಟೆ.

ಅದೇ ಜುಲೈನಲ್ಲಿ ನ್ಯೂಪೋರ್ಟ್ ಜನಪದ ಉತ್ಸವ. ಸಾವಿರಾರು ಹುಡುಗ ಹುಡುಗಿಯರ ಮುಂದೆ, ಹ್ಯಾಟ್ ಹಾಕಿಕೊಂಡು, ನಗುತ್ತಾ ಹಾಡಿದರು. ಆಮೇಲೆ ಕಾಫಿ ಹೌಸ್‌ಗಳು, ಕಾಲೇಜುಗಳು, ಹೊಸ ಆಲ್ಬಮ್‌ಗಳು. ಹೀಗೆ ಮೂರು ವರ್ಷ. 1966ರ ನವೆಂಬರ್ 2ರಂದು ಗ್ರೆನಾಡಾದಲ್ಲಿ ತೀರಿಕೊಂಡರು.

ಮನೇಲಿ ಗಿಟಾರ್ ಇದ್ದರೆ ಹೆಬ್ಬೆರಳು ಮಾತ್ರ ಐದು ನಿಮಿಷ ಆಡಿಸಿ. ಡಂ-ಟಿಂ, ಡಂ-ಟಿಂ. ಆಮೇಲೆ ಬಾಯಲ್ಲಿ ಮಾತಾಡೋಕೆ ನೋಡಿ. ನಾನು ಎರಡನೇ ಮಾತಿಗೇ ತಪ್ಪಿದೆ.

ಈಗ ಅವರ 1928ರ ರೆಕಾರ್ಡ್, ಹಿಂದೆಯೇ 1963ರದ್ದು. ದನಿಗೆ ವಯಸ್ಸಾಗಿದೆ. ಹೆಬ್ಬೆರಳನ್ನು ಕೇಳಿ.

[ಎರಡೂ ಒಂದಾದ ಮೇಲೊಂದು. ಮಾತಿಲ್ಲ.]